ಕೆಳಗೆ 'ನೀತಿ' ಅಂತ ಬರೀಬೇಡಿ, ಮಕ್ಕಳೇ ಹುಡುಕ್ಲಿ

ಮಾನ್ಯ ಸಂಪಾದಕರೇ,

ಮಕ್ಕಳ ಕಥೆ ಅಂದ್ರೆ ಕೊನೇಲಿ 'ನೀತಿ' ಅಂತ ಒಂದು ಸಾಲು ಇರ್ಲೇಬೇಕು ಅನ್ನೋ ಅಭ್ಯಾಸ ನಮಗೆಲ್ಲ ಅಂಟ್ಕೊಂಡ್ಬಿಟ್ಟಿದೆ, ಆದ್ರೆ ಎಷ್ಟೋ ಸಲ ಆ ಸಾಲೇ ಮಗು ಯೋಚನೆ ಮಾಡೋದನ್ನ ನಿಲ್ಲಿಸಿಬಿಡುತ್ತೆ ಅಂತ ನನಗೆ ಗೊತ್ತಾಗಿದ್ದು ಮಾತೇ ಇಲ್ಲದ ಚಿತ್ರಪುಸ್ತಕಗಳನ್ನ ಮಗಳ ಜೊತೆ ನೋಡೋಕೆ ಶುರು ಮಾಡಿದ ಮೇಲೆ.

ಈಸೋಪನ ಸಿಂಹ-ಇಲಿ ಕಥೆ ಎಲ್ರಿಗೂ ಗೊತ್ತು. ಅದನ್ನ ಅಮೆರಿಕದ ಚಿತ್ರಕಲಾವಿದ ಜೆರ್ರಿ ಪಿಂಕ್ನಿ ಬರೀ ಚಿತ್ರದಲ್ಲೇ ಹೇಳಿದಾರೆ, 2010ರಲ್ಲಿ ಆ ಪುಸ್ತಕಕ್ಕೆ ಕಾಲ್ಡೆಕಾಟ್ ಮೆಡಲ್ ಬಂತು, ಅದು ಮಕ್ಕಳ ಚಿತ್ರಪುಸ್ತಕಗಳಿಗೆ ಅಮೆರಿಕದಲ್ಲಿ ಕೊಡೋ ಪ್ರಶಸ್ತಿ. ಗೂಬೆ ಕೂಗು, ಸಿಂಹದ ಘರ್ಜನೆ ಥರದ ಸದ್ದು ಬಿಟ್ರೆ ಬೇರೆ ಮಾತಿಲ್ಲ. ಐದು ವರ್ಷದ ನನ್ನ ಮಗಳು, ಸಿಂಹದ ಕೈಗೆ ಇಲಿ ಸಿಕ್ಕಾಕ್ಕೊಂಡಿರೋ ಪುಟ ಬಂದಾಗ ತನ್ನ ಮುಷ್ಟಿ ಬಿಗಿಯಾಗಿ ಮುಚ್ಚಿದ್ಳು, ಆಮೇಲೆ ಒಂದೊಂದೇ ಬೆರಳು ಬಿಡಿಸ್ತಾ "ಹಿಂಗೇ ಬಿಡ್ಬೇಕಮ್ಮ, ಪಟ್ ಅಂತ ಬಿಟ್ರೆ ಬಿದ್ಬಿಡತ್ತೆ" ಅಂದ್ಲು. ಶಕ್ತಿ ಇದ್ದೋರ ಕೈ ಎಷ್ಟು ಮೆತ್ತಗಿರ್ಬೇಕು ಅನ್ನೋದೂ ಆ ಕಥೇಲಿದೆ ಅಂತ ನನಗೆ ಹೊಳೆದೇ ಇರ್ಲಿಲ್ಲ, ಚಿಕ್ಕಂದಿನಿಂದ ನನಗೆ ಗೊತ್ತಿದ್ದಿದ್ದು ಉಪಕಾರಕ್ಕೆ ಪ್ರತ್ಯುಪಕಾರ ಅನ್ನೋ ಒಂದೇ ಲೆಕ್ಕ. ಅಷ್ಟಕ್ಕೆ ಸುಮ್ನಿರದೆ "ನೋಡ್ದ್ಯಾ, ಅದಕ್ಕೇ ಚಿಕ್ಕೋರನ್ನ ಕಡೆಗಣಿಸಬಾರ್ದು" ಅಂದೆ. "ಹ್ಞೂಂ" ಅಂತ ಪುಟ ತಿರುವಿಬಿಟ್ಳು. ಆ ಬೆರಳುಗಳು ಮತ್ತೆ ಬಿಚ್ಚಲಿಲ್ಲ.

ಇಂಥ ಪುಸ್ತಕದಲ್ಲಿ ಯಾರು ಒಳ್ಳೆಯವರು ಯಾರು ಕೆಟ್ಟವರು ಅಂತ ಬರೆದಿರಲ್ಲ, ಹಾಗಾಗಿ ಮಗು ಮುಖ ನೋಡ್ಬೇಕು, ಕಣ್ಣು ನೋಡ್ಬೇಕು, ಚಿತ್ರದ ಮೂಲೇಲಿ ಒಬ್ನೇ ನಿಂತಿರೋನನ್ನ ಗಮನಿಸ್ಬೇಕು, ಇವ್ನು ಯಾಕೆ ಸಪ್ಪಗಿದಾನೆ ಅಂತ ಹಿಂದಿನ ಪುಟಕ್ಕೆ ಹೋಗಿ ಹುಡುಕ್ಬೇಕು. ಇನ್ನೊಬ್ರ ನೋವು ಅರ್ಥ ಆಗೋದು ಹೀಗೆ ಹುಡುಕ್ತಾ ಹುಡುಕ್ತಾನೇ, ಬಾಯಿಪಾಠ ಮಾಡಿಸಿದ್ರೆ ಬರಲ್ಲ. ದೊಡ್ಡೋರು ಕೇಳ್ಲೇಬೇಕು ಅಂದ್ರೆ "ಇವ್ನಿಗೆ ಈಗ ಏನನ್ನಿಸ್ತಿರಬಹುದು" ಅಂತ ಕೇಳಿ ಉತ್ತರ ಬರೋ ತನಕ ಕಾದ್ರೆ ಸಾಕು, ಕಾಯೋದೇ ಕಷ್ಟ ಅನ್ನೋದು ಬೇರೆ ಮಾತು.

ಭಾಷೆನೂ ಅಡ್ಡ ಬರಲ್ಲ. ಇಟಲಿಯ ಲ್ಯಾಂಪೆಡೂಸಾ ದ್ವೀಪಕ್ಕೆ ಬಂದಿಳಿದ ನಿರಾಶ್ರಿತ ಮಕ್ಕಳಿಗೂ ಅಲ್ಲಿನ ಮಕ್ಕಳಿಗೂ ಅಂತ ಐಬಿಬಿವೈ ಅನ್ನೋ ಮಕ್ಕಳ ಪುಸ್ತಕಗಳ ಅಂತರರಾಷ್ಟ್ರೀಯ ಸಂಸ್ಥೆ 2012ರಲ್ಲಿ ಇಂಥ ಪುಸ್ತಕಗಳನ್ನೇ ದೇಶದೇಶಗಳಿಂದ ಸೇರಿಸೋಕೆ ಶುರು ಮಾಡ್ತು. ಓದು ಬರದ ಅಪ್ಪ ಅಮ್ಮ ಕೂಡ ಮಗುನ ಮಡಿಲಲ್ಲಿ ಕೂರಿಸ್ಕೊಂಡು ಇದನ್ನ ಧೈರ್ಯವಾಗಿ ಓದಬಹುದು.

ನಿಮ್ಮಲ್ಲಿ ಒಂದು ಕೋರಿಕೆ. ಮಕ್ಕಳ ಪುಟದಲ್ಲಿ ವಾರಕ್ಕೊಂದು, ನಾಲ್ಕೈದು ಚಿತ್ರದ, ಮಾತಿಲ್ಲದ ಕಥೆ ಹಾಕಿ. ಅದರ ಕೆಳಗೆ ನೀತಿ ಅಂತ ಮಾತ್ರ ಬರೀಬೇಡಿ, ಆ ಜಾಗ ಖಾಲಿ ಬಿಡಿ, ನಮ್ಮ ಮಕ್ಕಳು ಏನಂದ್ರು ಅಂತ ನಾವೇ ಬರೆದು ಕಳಿಸ್ತೀವಿ.

ಇಂತಿ,
ಒಬ್ಬ ತಾಯಿ