ಅಪ್ಪಗ ಮಧ್ಯಾಹ್ನ ಹೊಲಕ್ಕ ಬಿಡಬ್ಯಾಡ

ಫೀನಿಕ್ಸ್, ಅರಿಝೋನಾ

ಅವ್ವಗ ನಮಸ್ಕಾರ. ನಾವೆಲ್ಲಾ ಆರಾಮ ಅದೀವಿ.

ನಿನ್ನ ಪತ್ರ ಓದಿದಾಗಿಂದ ಜೀವಕ್ಕ ಸಮಾಧಾನ ಇಲ್ಲ. ಅಪ್ಪ ಹೊಲದಾಗ ಚಕ್ಕರ್ ಬಂದು ಬಿದ್ದದ್ದನ್ನ "ಏನಿಲ್ಲ, ಬಿಸಿಲು" ಅಂತ ಒಂದು ಸಾಲಿನಾಗ ಮುಗಿಸೀದಿ. ಬಿಸಿಲು ಸಣ್ಣ ಮಾತಲ್ಲ ಅವ್ವಾ. ಇದೇ ಊರಾಗ 2023ರಾಗ 31 ದಿನ ಬಿಡದಂಗ 43 ಡಿಗ್ರಿ ಮ್ಯಾಲೇ ಇತ್ತು. ಆ ವರ್ಷ ಈ ಊರಿರೋ ಮಾರಿಕೋಪಾ ಕೌಂಟಿ (ನಮ್ಮ ಜಿಲ್ಲಾ ಇದ್ದಂಗ) ಒಂದರಾಗೇ 645 ಮಂದಿ ಬಿಸಿಲಿಗೆ ಜೀವ ಬಿಟ್ರು. ಭಾಳ ಮಂದಿ ಮನಿ ಇಲ್ಲದವರು, ವಯಸ್ಸಾದವರು. ಹಗಲಿನಷ್ಟೇ ರಾತ್ರಿನೂ ಕೆಟ್ಟದು. ಸಿಮೆಂಟು ಹಗಲೆಲ್ಲಾ ಕಾದು ರಾತ್ರಿ ಉಗುಳ್ತದ, ಮೈಗೆ ಆರೋಕೆ ಪುರಸೊತ್ತೇ ಸಿಗೂದಿಲ್ಲ. ಮರುವರ್ಷ ಕೆಲವು ಕಡೆ ರಾತ್ರಿಯಿಡೀ ತಂಪಿನ ಜಾಗ ತೆರೆದಿಟ್ಟರು. ಸಾವು 608ಕ್ಕ ಇಳೀತು.

ಇಲ್ಲಿ ನಗರಪಾಲಿಕೆಯಾಗ ಬಿಸಿಲಿಗಂತಲೇ ಒಂದು ಕಚೇರಿ ಅದ, 2021ರಿಂದ. ಡಾಂಬರು ಕಾಯಬಾರದಂತ ರಸ್ತೆಗೆ ಬೂದು ಬಣ್ಣ ಬಳೀತಾರ! ಆದ್ರ ನಮ್ಮ ಅಹಮದಾಬಾದಿನವರು 2010ರ ಬಿಸಿಲಿನಾಗ ಭಾಳ ಮಂದಿನ್ನ ಕಳಕೊಂಡು, 2013ರಾಗೇ ಬಿಸಿಲಿನ ಯೋಜನೆ ಮಾಡಿದ್ರು. ಇದನ್ನ ಇಲ್ಲಿ ಎಲ್ಲಾರಿಗೂ ಹೇಳ್ತೀನಿ.

ಈಗ ನಾ ಹೇಳೂದು ಮಾಡು. ಹವಾಮಾನ ಇಲಾಖೆಯವರು ಹಳದಿ, ಕಿತ್ತಳೆ, ಕೆಂಪು ಅಂತ ಮೊದಲೇ ಎಚ್ಚರಿಕೆ ಕೊಡ್ತಾರ. ಮಲ್ಲು ದಿನಾ ಸಂಜಿಗೆ ಮೊಬೈಲಿನಾಗ ನೋಡಿ ಅಪ್ಪಗ ಓದಿ ಹೇಳಲಿ. ಕಲಬುರಗಿ ಕಡೆ ಬ್ಯಾಸಿಗ್ಯಾಗ ಸರಕಾರಿ ಕಚೇರಿನೇ ಮುಂಜಾನೆ 8ಕ್ಕ ತೆರೀತಾರ, ಅಪ್ಪ ಯಾಕ ಮಧ್ಯಾಹ್ನ ಹರಗೋಕೆ ಹೋಗಬೇಕು? ಹನ್ನೊಂದಕ್ಕ ಮನ್ಯಾಗ ಇರಬೇಕು. ಅವರ ಬಿಪಿ ಗುಳಿಗಿ ಡಾಕ್ಟರಿಗೆ ತೋರ್ಸು. ಕೆಲವು ಗುಳಿಗಿ ಮೈಯಾಗಿನ ನೀರು ಹೊರಗ ಹಾಕ್ತಾವ. ನೀವಾಗೇ ಮಾತ್ರ ಬಿಡಿಸಬ್ಯಾಡ್ರಿ. ಮಾತು ತಡವರಿಸಿದ್ರ, ಮೈ ಕೆಂಡಾಮಂಡಲ ಆದ್ರ ನೆರಳಿಗೆ ತಂದು ಮೈಮ್ಯಾಲೆ ನೀರು ಸುರುವಿ, ಗಾಳಿ ಹಾಕಿ, 108ಕ್ಕ ಫೋನ್ ಮಾಡ್ರಿ. ಎಚ್ಚರ ಇಲ್ಲದಾಗ ಬಾಯಿಗೆ ನೀರು ಹಾಕಬ್ಯಾಡ್ರಿ.

ರೊಕ್ಕ ಕಳಿಸೀನಿ. ಮೊದಲು ಮ್ಯಾಳಗಿಗೆ ಬಿಳಿ ಸುಣ್ಣ ಹೊಡಿಸ್ರಿ, ಉಳಿದದ್ದರಾಗ ಕೂಲರ್. ಅಪ್ಪ ಬ್ಯಾಡ ಅಂತಾರ, ಕೇಳಬ್ಯಾಡ.

ನಮ್ಮ ಚಿಂತಿ ಒಟ್ಟ ಮಾಡಬ್ಯಾಡ. ಮನಿ ತಣ್ಣಗ, ಕಾರು ತಣ್ಣಗ, ಆಫೀಸು ತಣ್ಣಗ. ನೀರು ಕುಡೀತೀನಿ, ಮಧ್ಯಾಹ್ನ ಹೊರಗ ಕಾಲಿಡೂದಿಲ್ಲ, ಖರೇನೇ ಆರಾಮ ಅದೀನಿ.

ಆಫೀಸಿಗೆ ಹೊತ್ತಾತು. ಡಾಕ್ಟರ್ ಏನಂದ್ರು ಅಂತ ಇವತ್ತೇ ಫೋನ್ ಮಾಡಿಸು.

ನಿನ್ನ ಮಗ,
ಬಸು