ನಂದಿ ಗ್ರಾಮದಲ್ಲಿ ಭಾನುವಾರದ ಛಾಯಾಗ್ರಹಣ ಅಭ್ಯಾಸ: ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೆ ನಮಸ್ಕಾರ. ಬರುವ ಭಾನುವಾರ ಬೆಳಿಗ್ಗೆ 7 ಗಂಟೆಗೆ ಚಿಕ್ಕಬಳ್ಳಾಪುರ ಸಮೀಪದ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಕಲ್ಯಾಣಿಯ ಬಳಿ ಸೇರಬೇಕೆಂದು ಕೋರುತ್ತೇವೆ. ಮೊಬೈಲ್ ಮಾತ್ರ ಇರುವವರು ಹಿಂಜರಿಯಬೇಕಿಲ್ಲ. ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಪರದೆಯಲ್ಲಿ ಬೆಳಕು ಹೆಚ್ಚಿರುವ ಭಾಗವನ್ನು ಮುಟ್ಟಿ ಪ್ರಖರತೆಯನ್ನು ತಗ್ಗಿಸಿದರೆ ಕಲ್ಲಿನ ಕೆತ್ತನೆ ಬಿಳಿಚಿಕೊಳ್ಳುವುದಿಲ್ಲ.

ಕ್ಯಾಮೆರಾ ತರುವವರಿಗೆ ಕಂಬಗಳ ನಡುವಿನ ಮಬ್ಬು ಬೆಳಕೇ ಪಾಠ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 400ರಲ್ಲಿ ಶಟರ್ ವೇಗ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಅವಧಿ) 1/15 ಸೆಕೆಂಡಿಗೆ ಇಳಿದು, ಕೈ ಅಲುಗಿ ಚಿತ್ರ ಕದಡಿದರೆ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯ ಗಾತ್ರ) ಬದಲಿಸದೆ ಐಎಸ್‌ಒವನ್ನು 1600ಕ್ಕೆ ಏರಿಸಿದಾಗ ಅದೇ ಬೆಳಕಿಗೆ 1/60 ಸೆಕೆಂಡ್ ಸಾಕಾಗುತ್ತದೆ. ಚಿತ್ರದಲ್ಲಿ ತುಸು ನಾಯ್ಸ್ (ಮರಳಿನಂಥ ಚುಕ್ಕೆಗಳು) ಕಂಡರೂ ಕದಡಿದ ಚಿತ್ರಕ್ಕಿಂತ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಅನುಭವಿ ಸದಸ್ಯರಲ್ಲಿ ಒಂದು ವಿನಂತಿ. ಹಕ್ಕಿಗಳ ಚಿತ್ರ ತೆಗೆಯುವವರು ಬೀದಿ ಚಿತ್ರಗಳನ್ನು ತಮ್ಮ ಅಳತೆಗೋಲಿನಿಂದ ಅಳೆಯಬಾರದು. ಬರೀ ‘ಸೂಪರ್’ ಎಂದು ಬರೆಯುವ ಬದಲು (ಈ ಅಭ್ಯಾಸ ನನಗೂ ಇದೆ) ಚಿತ್ರದ ಯಾವ ಭಾಗ ಏಕೆ ಹಿಡಿಸಿತೆಂದು ತಿಳಿಸಬೇಕು. ಚಿತ್ರಗಳನ್ನು ಗುಂಪಿಗೆ ಡಾಕ್ಯುಮೆಂಟ್ (ಮೂಲ ಫೈಲ್) ರೂಪದಲ್ಲೇ ಕಳುಹಿಸಿರಿ. ಹಾಗೆ ಮಾಡಿದರೆ ಮಾತ್ರ ಸೂಕ್ಷ್ಮ ವಿವರಗಳೂ ಕ್ಯಾಮೆರಾದ ಸೆಟ್ಟಿಂಗ್ ಮಾಹಿತಿಯೂ ಕಲಿಯುವವರಿಗೆ ಸಿಗುತ್ತವೆ.

ಗರ್ಭಗುಡಿಯ ಚಿತ್ರ ತೆಗೆಯುವುದು ಬೇಡ. ಪೂಜೆಗೆ ಬಂದ ಭಕ್ತರನ್ನು ಕೇಳದೆ ಅವರತ್ತ ಕ್ಯಾಮೆರಾ ತಿರುಗಿಸಬಾರದು.