ಪಟ್ಟಿ ಎವಿಡೆ ಅಂದ ಮಗಳಿಗೆ

ಮಗಳೇ,

ರಾತ್ರಿ ನೀನು ಫೋನ್ ಇಟ್ಟ ಮೇಲೆ ನಿದ್ದೆ ಬರ್ಲಿಲ್ಲ, ಅದಕ್ಕೆ ಬರೀತಾ ಇದ್ದೇನೆ, ಫೋನಲ್ಲಾದ್ರೆ ನೀನು ನಡುವಲ್ಲಿ ಬಾಯಿ ಹಾಕ್ತಿ.

ಆ ಪಟ್ಟಿಯ ಕಥೆ ನೀನು ಮೂರು ಸಲ ಹೇಳಿದ್ದಿ. ಮೊದಲ ದಿನ ಹೇಳಿದ್ದು, ಟೂರಿಗೆ ಹೋಗುವವರ ಪಟ್ಟಿ ಎಲ್ಲಿ ಅಂತ ಮೇಡಂ ಹತ್ರ ಕೇಳ್ಲಿಕ್ಕೆ ಹೋಗಿ 'ಪಟ್ಟಿ ಎವಿಡೆ' ಅಂದೆ, ಮಲಯಾಳದಲ್ಲಿ ಪಟ್ಟಿ ಅಂದ್ರೆ ನಾಯಿ, ಹಿಂದೆ ನಿಂತಿದ್ದ ಇಬ್ರು ನಕ್ಕರು. ಅಷ್ಟೇ. ಆದಿತ್ಯವಾರ ಹೇಳುವಾಗ ಇಡೀ ಕ್ಲಾಸೇ ನಕ್ಕಿತ್ತು. ನಿನ್ನೆ ನೋಡಿದ್ರೆ ಮೇಡಂ ಕೂಡ ಮುಖ ಗಂಟು ಹಾಕಿದ್ರು, ನಿನ್ನ ಮುಖ ಕೆಂಪಾದದ್ದು ಎಲ್ರಿಗೂ ಕಂಡಿತ್ತು. ನಿಂಗೆ ಹೇಗೆ ಕಂಡಿತು ಮಾರಾಯ್ತಿ, ಅಲ್ಲಿ ಕನ್ನಡಿ ಇತ್ತಾ?

ಸುಳ್ಳು ಹೇಳ್ತಿ ಅಂತಲ್ಲ. ಸೋಶಿಯಲ್ ಆಂಕ್ಸೈಟಿ, ಅಂದ್ರೆ ನಾಲ್ಕು ಜನರ ಎದುರು ಹೆದರಿಕೆ, ಇರುವವರಿಗೆ ಹೀಗೇ ಆಗ್ತದಂತೆ, ಕ್ಲಾರ್ಕ್ ಮತ್ತು ವೆಲ್ಸ್ ಅಂತ ಇಬ್ರು ಸೈಕಾಲಜಿಸ್ಟ್‌ಗಳು 1995ರಲ್ಲೇ ಬರ್ದಿದ್ದಾರೆ. ಆ ಹೊತ್ತಿಗೆ ಗಮನ ಎಲ್ಲ ಒಳಗೇ ಇರ್ತದೆ, ಎದೆ ಹೊಡ್ಕೊಳ್ಳುದು, ಕಿವಿ ಬಿಸಿ ಆಗುದು, ಎದುರಿನವರ ಮುಖ ಸರಿ ನೋಡಿರುದೇ ಇಲ್ಲ. ಆಮೇಲೆ ಒಬ್ಬಳೇ ಕೂತು ಮೆಲುಕು ಹಾಕುವಾಗ ನೆನಪಿಗೆ ಬರುದು ಆ ಬಿಸಿ ಮಾತ್ರ, ಉಳಿದದ್ದನ್ನು ಹೆದರಿಕೆಯೇ ತುಂಬಿಸ್ತದೆ. ಪೋಸ್ಟ್ ಇವೆಂಟ್ ಪ್ರೊಸೆಸಿಂಗ್ ಅಂತ ಹೆಸರು. ಹಟ್ಟಿಯ ದನ ಮೆಲುಕು ಹಾಕಿದ್ರೆ ಹುಲ್ಲು ಕರಗ್ತದೆ, ಇದು ಸಲ ಸಲಕ್ಕೂ ಬೆಳೀತದೆ. ಗುರುವಾರದ ಸೆಮಿನಾರಿಗೆ ಹೋಗುದಿಲ್ಲ ಅಂದದ್ದು ಅದಕ್ಕೇ ಅಲ್ವಾ?

ನಂಗೂ ಗೊತ್ತುಂಟು. ಪುತ್ತೂರಿಂದ ಮದುವೆಯಾಗಿ ಕಾಸರಗೋಡಿನ ಬದಿಯಡ್ಕಕ್ಕೆ ಬಂದ ವರ್ಷ ಒಂದು ಆಫೀಸಲ್ಲಿ ಮಲಯಾಳದ ಫಾರ್ಮ್ ತುಂಬಿಸ್ಲಿಕ್ಕೆ ಗೊತ್ತಾಗದೆ ಹಾಗೇ ವಾಪಸ್ ಬಂದವಳು ಎರಡು ವರ್ಷ ಆ ಮೆಟ್ಟಿಲು ಹತ್ತಲಿಲ್ಲ, ನಿನ್ನ ಅಪ್ಪನನ್ನೇ ಕಳಿಸ್ತಿದ್ದೆ. (1956ರಲ್ಲೇ ಊರು ಕೇರಳಕ್ಕೆ ಸೇರಿದೆ, ನಮ್ಮ ನಾಲಗೆ ಇನ್ನೂ ಸೇರ್ಲಿಲ್ಲ.) ಆ ಕ್ಲರ್ಕಿಗೆ ನನ್ನ ನೆನಪು ಒಂದು ಚಾ ಕುಡಿದು ಮುಗಿಯುವವರೆಗೂ ಇದ್ದಿರ್ಲಿಕ್ಕಿಲ್ಲ.

ಯೋಚನೆ ಮಾಡ್ಬೇಡ ಅಂತ ನಾನು ಹೇಳುದಿಲ್ಲ, ಅದು ಆಗುವ ಕೆಲಸ ಅಲ್ಲ. ಗುರುವಾರ ಹೋಗು, ಎದುರು ಕೂತವರು ಎಂತ ಮಾಡ್ತಿದ್ರು ನೋಡು, ಯಾರು ಮೊಬೈಲ್ ಒತ್ತುತ್ತಿದ್ರು, ಯಾರು ಆಕಳಿಸಿದ್ರು, ಸಂಜೆಯೇ ವಾಟ್ಸಾಪಲ್ಲಿ ಹಾಕು, ಕಂಡದ್ದು ಮಾತ್ರ, ಅನಿಸಿದ್ದು ಬೇಡ. ಆಗ್ಲೂ ತಡೀಲಿಕ್ಕಾಗ್ಲಿಲ್ಲ ಅಂದ್ರೆ ಕೌನ್ಸೆಲರ್ ಹತ್ರ ಹೋಗುವ, ಇದಕ್ಕೆ ಸಿಬಿಟಿ ಅಂತ, ಯೋಚನೆ ಮತ್ತು ನಡೆಯುವ ರೀತಿ ಎರಡನ್ನೂ ಸರಿ ಮಾಡ್ಲಿಕ್ಕೆ ಕಲಿಸುವ ಥೆರಪಿ ಉಂಟು, ನಾನೂ ಬರ್ತೇನೆ, ಅಡಿಕೆ ಒಣಗಿಸುದು ಅಪ್ಪ ನೋಡ್ಕೊಳ್ತಾರೆ.

ಮತ್ತೆ, ಮೂರು ಸಲ ಹೇಳಿದ್ರೂ ಒಂದು ಮಾತ್ರ ನೀನು ಹೇಳ್ಲೇ ಇಲ್ಲ. ಆ ಪಟ್ಟಿಯಲ್ಲಿ ನಿನ್ನ ಹೆಸರು ಇತ್ತಾ?

ಅಮ್ಮ